‘ಹ್ಯಾಸ್ ವರ್ಕ್ಡ್’ ತಪ್ಪೇ? ಪ್ರೆಸೆಂಟ್ ಪರ್ಫೆಕ್ಟ್ ಮತ್ತು ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯೂಯಸ್ ಬಗ್ಗೆ ಒಂದು ತಕರಾರು

ಬಿಟ್ಟಸ್ಥಳ

ಪರೀಕ್ಷೆಗೆ ಓದುವವರಿಗೆ ನಾನು ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತೇನೆ. ನಾವು ಬಳಸುವ ಅಭ್ಯಾಸ ಪುಸ್ತಕದ ‘ಬಿಟ್ಟ ಸ್ಥಳ ತುಂಬಿ’ ವಿಭಾಗದಲ್ಲಿ ‘ಶೀ ____ ಇನ್ ದಿಸ್ ಆಫೀಸ್ ಸಿನ್ಸ್ 2015’ ಎಂಬ ವಾಕ್ಯವಿದ್ದು, ಪಕ್ಕದಲ್ಲಿ ‘ವರ್ಕ್’ ಎಂಬ ಕ್ರಿಯಾಪದ ಕೊಟ್ಟಿದ್ದಾರೆ. ಕೀ ಉತ್ತರದಲ್ಲಿ ‘ಹ್ಯಾಸ್ ಬೀನ್ ವರ್ಕಿಂಗ್’ ಎಂದಷ್ಟೇ ಇದೆ. ವಿದ್ಯಾರ್ಥಿನಿಯೊಬ್ಬರು ‘ಹ್ಯಾಸ್ ವರ್ಕ್ಡ್’ ಎಂದು ಬರೆದರು; ಕೀ ಉತ್ತರವನ್ನು ನಂಬಿದರೆ ಅದಕ್ಕೆ ಅಂಕವಿಲ್ಲ.

ಪುಸ್ತಕ ಕೊಡುವ ಕಾರಣ ನಾವೆಲ್ಲ ಶಾಲೆಯಲ್ಲಿ ಕೇಳಿರುವುದೇ: ಕೆಲಸ ಮುಗಿದಿದ್ದರೆ ಪ್ರೆಸೆಂಟ್ ಪರ್ಫೆಕ್ಟ್, ಇನ್ನೂ ನಡೆಯುತ್ತಿದ್ದರೆ ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯೂಯಸ್. ಆ ವಿದ್ಯಾರ್ಥಿನಿ ಅಷ್ಟಕ್ಕೆ ಸುಮ್ಮನಾಗಲಿಲ್ಲ. ‘ಹಾಗಾದರೆ “ಐ ಹ್ಯಾವ್ ನೋನ್ ಹರ್ ಸಿನ್ಸ್ 2015” ಎಂದರೆ ಪರಿಚಯ ಮುಗಿದುಹೋಯಿತು ಎಂದರ್ಥವೇ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅವರ ಉತ್ತರಕ್ಕೆ ಅಂಕ ಕೊಡಬೇಕೇ? ಕೊಡಬೇಕಾದರೆ, ಈ ಎರಡು ರೂಪಗಳ ನಡುವೆ ನಿಜವಾದ ವ್ಯತ್ಯಾಸ ಎಲ್ಲಿದೆ ಎಂದು ಹೇಗೆ ವಿವರಿಸಲಿ?

ನಿವೃತ್ತ ಮೇಷ್ಟ್ರು

ಪ್ರಶ್ನೆಯಲ್ಲಿಯೇ ‘ಸಿನ್ಸ್ 2015’ ಎಂದಿದೆಯಲ್ಲ, ಇನ್ನೇನು ಬೇಕು? ‘ಸಿನ್ಸ್’ ಅಥವಾ ‘ಫಾರ್’ ಕಂಡರೆ ಕಂಟಿನ್ಯೂಯಸ್ ಹಾಕಬೇಕು ಎಂದು ನಾವು ಕಲಿತೆವು, ಹಾಗೆಯೇ ಕಲಿಸಿದೆವು, ಮಕ್ಕಳು ಪಾಸಾದರು. ಪರೀಕ್ಷೆಯ ಕೊಠಡಿಯಲ್ಲಿ ಅರ್ಧ ನಿಮಿಷದಲ್ಲಿ ಉತ್ತರ ಬರೆಯಬೇಕಾದವರಿಗೆ ಭಾಷಾಶಾಸ್ತ್ರದ ಸೂಕ್ಷ್ಮ ಹೇಳಿ ಗೊಂದಲ ಮಾಡಬೇಡಿ. ‘ನೋ’ ಎಂಬಂಥ ಕ್ರಿಯಾಪದಗಳಿಗೆ ‘ಇಂಗ್’ ಹತ್ತುವುದಿಲ್ಲ ಎಂಬುದು ಬೇರೆಯೇ ನಿಯಮ. ಅದನ್ನು ತಂದು ಇದರೊಂದಿಗೆ ಬೆರೆಸಬಾರದು.

ಪದಚ್ಛೇದ

ಮೇಷ್ಟ್ರೇ, ಗೌರವದಿಂದಲೇ ನಿಮ್ಮ ಮಾತನ್ನು ಒಪ್ಪುವುದಿಲ್ಲ. ‘ಶೀ ಹ್ಯಾಸ್ ರಿಟನ್ ಫೋರ್ ನಾವೆಲ್ಸ್ ಸಿನ್ಸ್ 2015’ ಎಂಬ ವಾಕ್ಯದಲ್ಲಿಯೂ ‘ಸಿನ್ಸ್’ ಇದೆ. ಅಲ್ಲಿ ‘ಹ್ಯಾಸ್ ಬೀನ್ ರೈಟಿಂಗ್ ಫೋರ್ ನಾವೆಲ್ಸ್’ ಎಂದು ಹಾಕಿದರೆ ಆಕೆ ನಾಲ್ಕು ಕಾದಂಬರಿಗಳನ್ನು ಒಟ್ಟಿಗೆ ಹಿಡಿದು ಯಾವುದನ್ನೂ ಮುಗಿಸದೆ ಕೂತಿದ್ದಾಳೆ ಎಂದಾಗುತ್ತದೆ. ‘ದ ವರ್ಲ್ಡ್ಸ್ ಪಾಪ್ಯುಲೇಶನ್ ಹ್ಯಾಸ್ ಡಬಲ್ಡ್ ಸಿನ್ಸ್ 1970’ ಎನ್ನುವುದು ಸರಿಯಾದ ವಾಕ್ಯ, ನಿಜವಾದ ಸಂಗತಿಯೂ ಹೌದು. ‘ಹ್ಯಾಸ್ ಬೀನ್ ಡಬ್ಲಿಂಗ್’ ಎಂದರೆ ಮತ್ತೆ ಮತ್ತೆ ಇಮ್ಮಡಿಯಾಗುತ್ತಲೇ ಇದೆ ಎಂಬ ಅರ್ಥ ಬಂದು ಲೆಕ್ಕವೇ ಕೆಡುತ್ತದೆ. ‘ಸಿನ್ಸ್’ ಕಂಡ ತಕ್ಷಣ ಕಂಟಿನ್ಯೂಯಸ್ ಎನ್ನುವ ನಿಯಮ ಇಲ್ಲಿ ವಿದ್ಯಾರ್ಥಿಯನ್ನು ನೇರವಾಗಿ ತಪ್ಪು ಉತ್ತರಕ್ಕೆ ಕರೆದೊಯ್ಯುತ್ತದೆ.

ಈಗ ಮೂಲ ಪ್ರಶ್ನೆ. ‘ವರ್ಕ್’, ‘ಲಿವ್’, ‘ಟೀಚ್’, ‘ಸ್ಟಡಿ’ ಮುಂತಾದ ಕ್ರಿಯಾಪದಗಳೊಂದಿಗೆ ಅವಧಿ ಹೇಳುವಾಗ ಎರಡೂ ರೂಪಗಳು ಸರಿ, ಅರ್ಥವೂ ಬಹುತೇಕ ಒಂದೇ. ‘ಹ್ಯಾಸ್ ವರ್ಕ್ಡ್ ಹಿಯರ್ ಸಿನ್ಸ್ 2015’ ಎಂದು ಬರೆದರೆ ಆಕೆ ಕೆಲಸ ಬಿಟ್ಟಿದ್ದಾಳೆ ಎಂದು ಯಾವ ಇಂಗ್ಲಿಷ್ ಓದುಗನೂ ಭಾವಿಸುವುದಿಲ್ಲ. ಬಿಟ್ಟಿದ್ದರೆ ‘ವರ್ಕ್ಡ್ ಹಿಯರ್ ಫ್ರಮ್ 2015 ಟು 2020’ ಎಂದು ಸಿಂಪಲ್ ಪಾಸ್ಟ್‌ನಲ್ಲಿ ಬರೆಯುತ್ತಿದ್ದರು. ಆದ್ದರಿಂದ ಪೂರ್ಣ ಅಂಕ ಕೊಡಿ.

ಅಲ್ಪವಿರಾಮ

‘ಇನ್ನೂ ನಡೆಯುತ್ತಿದ್ದರೆ ಕಂಟಿನ್ಯೂಯಸ್’ ಎಂಬ ಮಾತಿನ ಇನ್ನೊಂದು ತುದಿಯೂ ಮುರಿದಿದೆ. ಏದುಸಿರು ಬಿಡುತ್ತ ಬಂದವನು ‘ಐ ಹ್ಯಾವ್ ಬೀನ್ ರನ್ನಿಂಗ್’ ಎನ್ನುತ್ತಾನೆ. ಆ ಮಾತು ಹೇಳುವಾಗ ಅವನು ನಿಂತಿದ್ದಾನೆ, ಓಟ ಮುಗಿದಿದೆ.

ನಿವೃತ್ತ ಮೇಷ್ಟ್ರು

ಈಗ ತಾನೇ ನಿಂತಿದ್ದಾನೆ, ಉಸಿರು ಇನ್ನೂ ನಿಂತಿಲ್ಲ. ಅದನ್ನು ಮುಂದುವರಿಕೆ ಎನ್ನದೆ ಏನೆನ್ನುತ್ತೀರಿ?

ಅಲ್ಪವಿರಾಮ

ಕುರುಹು ಎನ್ನುತ್ತೇನೆ, ಮೇಷ್ಟ್ರೇ. ಕಣ್ಣು ಕೆಂಪಾಗಿದ್ದವರನ್ನು ನೋಡಿ ‘ಹ್ಯಾವ್ ಯೂ ಬೀನ್ ಕ್ರೈಯಿಂಗ್?’ ಎಂದು ಕೇಳುತ್ತೇವೆ. ಅಳು ಕಣ್ಣೆದುರು ನಡೆಯುತ್ತಿದ್ದರೆ ಈ ಪ್ರಶ್ನೆಗೆ ಅರ್ಥವೇ ಇಲ್ಲ, ಆಗ ‘ವೈ ಆರ್ ಯೂ ಕ್ರೈಯಿಂಗ್?’ ಎನ್ನಬೇಕು. ಬೆಳಿಗ್ಗೆ ಎದ್ದಾಗ ನೆಲ ಒದ್ದೆಯಾಗಿದ್ದು ಆಕಾಶ ತಿಳಿಯಾಗಿದ್ದರೂ ‘ಇಟ್ ಹ್ಯಾಸ್ ಬೀನ್ ರೇನಿಂಗ್’ ಎನ್ನಬಹುದು. ಕ್ರಿಯೆ ಕೆಲಹೊತ್ತು ನಡೆಯಿತು, ಅದರ ಗುರುತು ಈಗ ನನ್ನ ಮುಂದಿದೆ ಎಂಬುದಷ್ಟೇ ಈ ವಾಕ್ಯಗಳ ಹುರುಳು. ಮುಗಿಯಿತೇ ಇಲ್ಲವೇ ಎಂಬುದನ್ನು ವ್ಯಾಕರಣ ಹೇಳುವುದಿಲ್ಲ, ಸಂದರ್ಭ ಹೇಳುತ್ತದೆ.

ಕರಡುತಿದ್ದು

ನನ್ನ ಕೆಲಸ ಕರಡು ತಿದ್ದುವುದು. ಈ ವ್ಯತ್ಯಾಸ ನನಗೆ ಪುಸ್ತಕದಿಂದ ತಿಳಿದಿದ್ದಲ್ಲ, ಮುದ್ರಣಕ್ಕೆ ಕಾಯುತ್ತಿರುವವರಿಗೆ ಕಳುಹಿಸುವ ಇಮೇಲ್‌ಗಳಿಂದ ತಿಳಿದದ್ದು. ‘ಐ ಹ್ಯಾವ್ ಚೆಕ್ಡ್ ದ ಪ್ರೂಫ್ಸ್’ ಎಂದು ಬರೆದರೆ ಅತ್ತಲಿನವರು ಫೈಲನ್ನು ಮುದ್ರಣಕ್ಕೆ ಬಿಡುತ್ತಾರೆ. ‘ಐ ಹ್ಯಾವ್ ಬೀನ್ ಚೆಕಿಂಗ್ ದ ಪ್ರೂಫ್ಸ್’ ಎಂದು ಬರೆದರೆ ‘ಯಾವಾಗ ಮುಗಿಯುತ್ತದೆ?’ ಎಂಬ ಮರುಪ್ರಶ್ನೆ ಬರುತ್ತದೆ. ಮೊದಲನೆಯದರಲ್ಲಿ ನಾನು ಅವರ ಕೈಗೆ ಒಂದು ಫಲ ಇಡುತ್ತಿದ್ದೇನೆ; ಎರಡನೆಯದರಲ್ಲಿ ನನ್ನ ಸಮಯ ಹೇಗೆ ಹೋಯಿತು ಎಂದು ತಿಳಿಸುತ್ತಿದ್ದೇನೆ. ತಡವಾದದ್ದಕ್ಕೆ ಸಬೂಬು ಹೇಳುವಾಗ ಎರಡನೆಯ ರೂಪ ಬಹಳ ಅನುಕೂಲ.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಕಚೇರಿಯಲ್ಲಿ ಕೆಲಸ ಮಾಡುವುದಕ್ಕೆ ಸ್ವಾಭಾವಿಕವಾದ ಕೊನೆ ಎಂಬುದಿಲ್ಲ. ಕರಡು ತಿದ್ದುವುದಕ್ಕೆ ಇದೆ, ಕೊನೆಯ ಪುಟ ಬಂದರೆ ಕೆಲಸ ಮುಗಿಯಿತು. ಕೊನೆ ಇರುವ ಕೆಲಸದಲ್ಲಿ ಎರಡು ರೂಪಗಳ ಅರ್ಥ ಬೇರೆಬೇರೆಯಾಗುತ್ತದೆ, ಕೊನೆ ಇಲ್ಲದ ಕೆಲಸದಲ್ಲಿ ಎರಡೂ ಹತ್ತಿರ ಬರುತ್ತವೆ. ನಿಮ್ಮ ಕೀ ಉತ್ತರ ಬರೆದವರು ಎರಡನೆಯ ಬಗೆಯ ಕ್ರಿಯಾಪದವನ್ನು ಆರಿಸಿಕೊಂಡು ಮೊದಲನೆಯ ಬಗೆಯ ನಿಯಮವನ್ನು ಹೇರಿದ್ದಾರೆ.

ವರ್ಗಭೇದ

ಕರಡುತಿದ್ದು ಅವರು ಅನುಭವದಿಂದ ಹೇಳಿದ್ದನ್ನೇ ತತ್ತ್ವಶಾಸ್ತ್ರಜ್ಞ ಜೆನೊ ವೆಂಡ್ಲರ್ 1957ರ ಒಂದು ಲೇಖನದಲ್ಲಿ ವಿಂಗಡಿಸಿ ತೋರಿಸಿದರು. ಅವರ ವಿಂಗಡಣೆಯಲ್ಲಿ ಓಡುವುದು, ಗಾಡಿ ತಳ್ಳುವುದು ಬರಿಯ ಚಟುವಟಿಕೆಗಳು. ವೃತ್ತ ಎಳೆಯುವುದು, ಒಂದು ಮೈಲಿ ಓಡುವುದು ಕೊನೆಯುಳ್ಳ ಸಾಧನೆಗಳು. ಶಿಖರ ತಲುಪುವುದು, ಪಂದ್ಯ ಗೆಲ್ಲುವುದು ಒಂದೇ ಕ್ಷಣದಲ್ಲಿ ಘಟಿಸುವಂಥವು. ತಿಳಿದಿರುವುದು, ನಂಬುವುದು, ಪ್ರೀತಿಸುವುದು ಸ್ಥಿತಿಗಳು. ಗಾಡಿ ತಳ್ಳುತ್ತಿದ್ದವನನ್ನು ನಡುವೆ ನಿಲ್ಲಿಸಿದರೂ ಅವನು ಗಾಡಿ ತಳ್ಳಿದ್ದಾನೆ. ವೃತ್ತ ಎಳೆಯುತ್ತಿದ್ದವನನ್ನು ನಡುವೆ ನಿಲ್ಲಿಸಿದರೆ ಅವನು ವೃತ್ತ ಎಳೆದಿಲ್ಲ.

ಇದನ್ನು ನಮ್ಮ ಎರಡು ರೂಪಗಳಿಗೆ ಹೊಂದಿಸಿ ನೋಡಿ. ‘ಹೀ ಹ್ಯಾಸ್ ಬೀನ್ ಪುಶಿಂಗ್ ದ ಕಾರ್ಟ್’ ನಿಜವಾದರೆ ‘ಹೀ ಹ್ಯಾಸ್ ಪುಶ್ಡ್ ದ ಕಾರ್ಟ್’ ಕೂಡ ನಿಜ. ಆದರೆ ‘ಹೀ ಹ್ಯಾಸ್ ಬೀನ್ ಡ್ರಾಯಿಂಗ್ ಎ ಸರ್ಕಲ್’ ನಿಜವಾದ ಮಾತ್ರಕ್ಕೆ ‘ಹೀ ಹ್ಯಾಸ್ ಡ್ರಾನ್ ಎ ಸರ್ಕಲ್’ ನಿಜವಾಗಬೇಕಿಲ್ಲ. ಕ್ಷಣಮಾತ್ರದ ಕ್ರಿಯೆಗಳ ಕಥೆ ಇನ್ನೂ ಸ್ವಾರಸ್ಯದ್ದು: ‘ಶೀ ಹ್ಯಾಸ್ ಬೀನ್ ವಿನ್ನಿಂಗ್’ ಎಂದರೆ ಒಂದು ಗೆಲುವಲ್ಲ, ಗೆಲುವುಗಳ ಸರಣಿ ಅಥವಾ ಆಟದ ನಡುವಿನ ಮುನ್ನಡೆ.

ಕಡತಯಜ್ಞ

ಇಷ್ಟೆಲ್ಲ ಏಕೆ? ‘ಹೌ ಲಾಂಗ್’ ಎಂಬ ಪ್ರಶ್ನೆಗೆ ಕಂಟಿನ್ಯೂಯಸ್, ‘ಹೌ ಮೆನಿ’ ಎಂಬ ಪ್ರಶ್ನೆಗೆ ಪರ್ಫೆಕ್ಟ್. ನಾನು ಇದೊಂದನ್ನೇ ನೆನಪಿಟ್ಟುಕೊಂಡಿದ್ದೇನೆ, ಎಲ್ಲಿಯೂ ಸಿಕ್ಕಿಬಿದ್ದಿಲ್ಲ.

ಪದಚ್ಛೇದ

ಶಾಲೆಯ ನಿಯಮಕ್ಕಿಂತ ನಿಮ್ಮದು ಎಷ್ಟೋ ವಾಸಿ. ‘ಐ ಹ್ಯಾವ್ ಬೀನ್ ರೈಟಿಂಗ್ ಲೆಟರ್ಸ್ ಆಲ್ ಮಾರ್ನಿಂಗ್’ ಮತ್ತು ‘ಐ ಹ್ಯಾವ್ ರಿಟನ್ ಫೈವ್ ಲೆಟರ್ಸ್’ ಎಂಬ ಎರಡನ್ನು ಅಕ್ಕಪಕ್ಕ ಇಟ್ಟರೆ ಯಾವ ವಿದ್ಯಾರ್ಥಿಗಾದರೂ ಹೊಳೆಯುತ್ತದೆ. ಎಣಿಕೆ ಬಂದರೆ ಫಲವನ್ನು ಲೆಕ್ಕ ಹಾಕುತ್ತಿದ್ದೇವೆ, ಫಲ ಲೆಕ್ಕಕ್ಕೆ ಸಿಗಬೇಕಾದರೆ ಅದು ಪೂರ್ತಿಯಾಗಿರಬೇಕು. ಆದರೆ ‘ಹೌ ಲಾಂಗ್ ಹ್ಯಾವ್ ಯೂ ನೋನ್ ಹಿಮ್?’ ಎಂಬಲ್ಲಿ ನಿಮ್ಮ ಸೂತ್ರವೂ ಮುಗ್ಗರಿಸುತ್ತದೆ. ಸ್ಥಿತಿಯನ್ನು ಸೂಚಿಸುವ ‘ನೋ’, ‘ಬಿಲಾಂಗ್’, ‘ಓನ್’, ‘ಬಿಲೀವ್’ ಮೊದಲಾದವಕ್ಕೆ ಅವಧಿ ಎಷ್ಟೇ ಉದ್ದವಿದ್ದರೂ ಪರ್ಫೆಕ್ಟ್ ಮಾತ್ರ.

ಮೂರನೇ ಬೆಂಚು

ಸ್ಥಿತಿಯ ಕ್ರಿಯಾಪದಗಳಿಗೆ ‘ಇಂಗ್’ ಹತ್ತುವುದೇ ಇಲ್ಲ ಎನ್ನುವುದಾದರೆ, ‘ಐ ಹ್ಯಾವ್ ಬೀನ್ ವಾಂಟಿಂಗ್ ಟು ಟಾಕ್ ಟು ಯೂ’ ಎಂದು ಇಂಗ್ಲಿಷಿನವರೇ ಹೇಳುವುದನ್ನು ಕೇಳಿದ್ದೇನಲ್ಲ, ಅದು ಹೇಗೆ ಸಾಧ್ಯ?

ವರ್ಗಭೇದ

ಒಳ್ಳೆಯ ಪ್ರಶ್ನೆ. ‘ವಾಂಟ್’ ಎಂಬುದು ‘ಐ ಆಮ್ ವಾಂಟಿಂಗ್’ ಎಂಬ ರೂಪದಲ್ಲಿ ಕಿವಿಗೆ ಒರಟಾಗಿ ಕೇಳುತ್ತದೆ, ಆದರೆ ಪರ್ಫೆಕ್ಟ್ ಕಂಟಿನ್ಯೂಯಸ್‌ನಲ್ಲಿ ಸಲೀಸಾಗಿ ಬರುತ್ತದೆ. ‘ಐ ಹ್ಯಾವ್ ಬೀನ್ ಮೀನಿಂಗ್ ಟು ಕಾಲ್ ಯೂ’ ಎಂಬುದಂತೂ ನಿತ್ಯದ ಮಾತು. ಆಸೆ ಅಥವಾ ಉದ್ದೇಶ ಕೆಲವು ದಿನಗಳಿಂದ ಮನಸ್ಸಿನಲ್ಲಿ ಹೊರಳಾಡುತ್ತಿದೆ ಎಂಬ ಭಾವವನ್ನು ಈ ರೂಪ ತರುತ್ತದೆ. ‘ಥಿಂಕ್’ ಕೂಡ ಹೀಗೆಯೇ: ಅಭಿಪ್ರಾಯವಾದರೆ ‘ಐ ಹ್ಯಾವ್ ಆಲ್ವೇಸ್ ಥಾಟ್ ಸೋ’, ಆಲೋಚನೆಯಲ್ಲಿ ತೊಡಗಿದ್ದರೆ ‘ಐ ಹ್ಯಾವ್ ಬೀನ್ ಥಿಂಕಿಂಗ್ ಅಬೌಟ್ ಇಟ್’. ‘ಹ್ಯಾವ್’ ಎಂಬುದಕ್ಕೆ ಒಡೆತನದ ಅರ್ಥವಿದ್ದರೆ ‘ಐ ಹ್ಯಾವ್ ಹ್ಯಾಡ್ ದಿಸ್ ಪೆನ್ ಫಾರ್ ಇಯರ್ಸ್’. ಅನುಭವಿಸುವ ಅರ್ಥವಿದ್ದರೆ ‘ಐ ಹ್ಯಾವ್ ಬೀನ್ ಹ್ಯಾವಿಂಗ್ ಹೆಡೇಕ್ಸ್’. ಸ್ಥಿತಿಯ ಕ್ರಿಯಾಪದಗಳು ಎಂದು ಒಂದು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದಕ್ಕಿಂತ, ಆ ವಾಕ್ಯದಲ್ಲಿ ಆ ಕ್ರಿಯಾಪದ ಸ್ಥಿತಿಯನ್ನು ಹೇಳುತ್ತಿದೆಯೇ, ನಡೆಯುವುದನ್ನು ಹೇಳುತ್ತಿದೆಯೇ ಎಂದು ಕೇಳಿಸುವುದು ಲೇಸು.

ಸಂಧಿಕಾಲ

ಕನ್ನಡ ಮಾತಾಡುವವರಿಗೆ ಇದು ಏಕೆ ಕಷ್ಟ ಎಂಬುದನ್ನು ಇಷ್ಟು ಹೊತ್ತಾದರೂ ಯಾರೂ ಎತ್ತಲಿಲ್ಲ. ‘ಓದಿದ್ದೇನೆ’ ಎಂಬುದಕ್ಕೆ ‘ಐ ಹ್ಯಾವ್ ರೆಡ್’ ಎಂದು ನೇರವಾಗಿ ಹೊಂದಿಸಿಬಿಡುತ್ತೇವೆ. ರಚನೆ ಹೋಲುತ್ತದೆ, ನಿಜ. ‘ಓದಿ’ ಎಂಬುದಕ್ಕೆ ‘ಇರು’ ಸೇರಿ ಆದ ರೂಪ ಅದು, ಮಾಡಿದ ಕೆಲಸದ ಪರಿಣಾಮ ಈಗಲೂ ಉಳಿದಿದೆ ಎಂಬ ಭಾವವೂ ಅದರಲ್ಲಿದೆ. ಆದರೆ ಕನ್ನಡದಲ್ಲಿ ‘ನಿನ್ನೆಯೇ ಹೇಳಿದ್ದೇನೆ’ ಎಂಬುದು ಶುದ್ಧ ಕನ್ನಡ, ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಟೋಲ್ಡ್ ಹಿಮ್ ಯೆಸ್ಟರ್‌ಡೇ’ ಎಂಬುದು ತಪ್ಪು. ಮುಗಿದುಹೋದ ಕಾಲವನ್ನು ಬೊಟ್ಟು ಮಾಡಿ ತೋರಿಸುವ ಪದವನ್ನು ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟ್ ಸಹಿಸುವುದಿಲ್ಲ. ನಮ್ಮವರ ಇಂಗ್ಲಿಷಿನಲ್ಲಿ ಈ ದೋಷ ಮರುಕಳಿಸುವುದಕ್ಕೆ ಅಜಾಗರೂಕತೆ ಕಾರಣವಲ್ಲ, ಕನ್ನಡದ ಸಹಜ ವಾಕ್ಯ ಕಾರಣ.

ಕಂಟಿನ್ಯೂಯಸ್‌ನ ತೊಂದರೆ ಬೇರೆ ಬಗೆಯದು. ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂದು ನಾವು ವರ್ತಮಾನದಲ್ಲಿಯೇ ಹೇಳುತ್ತೇವೆ. ಅದು ಇಂಗ್ಲಿಷಿಗೆ ಬಂದಾಗ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂದಾಗುತ್ತದೆ, ಒಂದೇ ವಾಕ್ಯದಲ್ಲಿ ಎರಡು ದೋಷ. ‘ಐದು ವರ್ಷದಿಂದ’ ಮತ್ತು ‘2015ರಿಂದ’ ಎರಡಕ್ಕೂ ನಮ್ಮಲ್ಲಿ ‘ಇಂದ’ ಎಂಬ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಿ ಅವಧಿಯ ಉದ್ದಕ್ಕೆ ‘ಫಾರ್’, ಶುರುವಾದ ಬಿಂದುವಿಗೆ ‘ಸಿನ್ಸ್’. ಇದು ನಮ್ಮೊಬ್ಬರ ಪಾಡೂ ಅಲ್ಲ. ಜರ್ಮನ್ ಮತ್ತು ಫ್ರೆಂಚ್ ಭಾಷೆಗಳಲ್ಲಿಯೂ ಇಂಥ ವಾಕ್ಯವನ್ನು ವರ್ತಮಾನದಲ್ಲಿ ಹೇಳುತ್ತಾರೆ, ಅವರೂ ಇಂಗ್ಲಿಷ್ ಕಲಿಯುವಾಗ ಇಲ್ಲಿಯೇ ಎಡವುತ್ತಾರೆ.

ಮೂರನೇ ಬೆಂಚು

‘ಮಾಡುತ್ತ ಬಂದಿದ್ದೇನೆ’ ಎಂಬುದು ಹ್ಯಾವ್ ಬೀನ್ ಡೂಯಿಂಗ್ ಅಲ್ಲವೇ?

ಸಂಧಿಕಾಲ

ಹತ್ತಿರದ್ದು, ಆದರೆ ಅದೇ ಅಲ್ಲ. ‘ಹತ್ತು ನಿಮಿಷದಿಂದ ಕಾಯುತ್ತ ಬಂದಿದ್ದೇನೆ’ ಎಂದು ಯಾರೂ ಹೇಳುವುದಿಲ್ಲ, ‘ಐ ಹ್ಯಾವ್ ಬೀನ್ ವೇಟಿಂಗ್ ಫಾರ್ ಟೆನ್ ಮಿನಿಟ್ಸ್’ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ‘ಬಂದಿದ್ದೇನೆ’ಗೆ ವರ್ಷಗಟ್ಟಲೆಯ ಹರವು ಬೇಕು.

ನಿವೃತ್ತ ಮೇಷ್ಟ್ರು

ಸಂಧಿಕಾಲ ಅವರ ಮಾತು ನನಗೆ ಹಿಡಿಸಿತು. ಅದೇ ಕಾರಣಕ್ಕೆ ನನ್ನ ನಿಯಮಕ್ಕೆ ಅದರದೇ ಬೆಲೆ ಇದೆ ಎಂದು ಹೇಳುತ್ತಿದ್ದೇನೆ. ‘ಐ ಆಮ್ ವರ್ಕಿಂಗ್ ಸಿನ್ಸ್’ ಎಂದು ಬರೆಯುವ ಹುಡುಗನನ್ನು ‘ಹ್ಯಾವ್ ಬೀನ್ ವರ್ಕಿಂಗ್’ ಎಂಬಲ್ಲಿಗೆ ಎಳೆದು ತರಲು ‘ಸಿನ್ಸ್ ಕಂಡರೆ ಕಂಟಿನ್ಯೂಯಸ್’ ಎಂಬ ಹಗ್ಗ ಬೇಕಾಯಿತು. ನಾಲ್ಕು ಕಾದಂಬರಿಯ ವಾಕ್ಯ ಅವನ ಪಾಲಿಗೆ ಬರುವುದು ಆಮೇಲೆ. ಹಂತ ಹಂತವಾಗಿ ಕಲಿಸುವುದನ್ನು ತಪ್ಪು ಕಲಿಸುವುದು ಎಂದು ಕರೆಯಬಾರದು.

ಪದಚ್ಛೇದ

ಮೊದಲ ಹಂತಕ್ಕೆ ಆ ಹಗ್ಗ ಇರಲಿ, ಬೇಡ ಎನ್ನುವುದಿಲ್ಲ. ಹಂತ ದಾಟಿದವರ ಸರಿಯಾದ ಉತ್ತರಕ್ಕೆ ಅದೇ ಹಗ್ಗದಿಂದ ಕೆಂಪು ಗೆರೆ ಎಳೆಯುವುದು ಬೇಡ ಎನ್ನುತ್ತಿದ್ದೇನೆ. ಕೀ ಉತ್ತರ ಮಾಡುತ್ತಿರುವುದು ಅದನ್ನೇ.

ಕಡತಯಜ್ಞ

‘ಲಿವ್’ ಎಂಬುದಕ್ಕೆ ಎರಡೂ ಒಂದೇ ಎಂದಿರಿ. ತಾತ್ಕಾಲಿಕವಾದರೆ ಕಂಟಿನ್ಯೂಯಸ್, ಶಾಶ್ವತವಾದರೆ ಪರ್ಫೆಕ್ಟ್ ಎಂದು ಎಲ್ಲಿಯೋ ಓದಿದ ನೆನಪು.

ವರ್ಗಭೇದ

ಅಂಥ ಒಲವು ಇದೆ, ಕಟ್ಟಳೆಯಲ್ಲ. ‘ಐ ಹ್ಯಾವ್ ಬೀನ್ ಲಿವಿಂಗ್ ವಿತ್ ಎ ಫ್ರೆಂಡ್ ಫಾರ್ ಎ ಮಂತ್’ ಎಂದರೆ ಬೇರೆ ಮನೆ ಹುಡುಕುತ್ತಿದ್ದಾರೆ ಎಂದು ಊಹಿಸುತ್ತೇವೆ. ‘ದ ಟೆಂಪಲ್ ಹ್ಯಾಸ್ ಸ್ಟುಡ್ ಹಿಯರ್ ಫಾರ್ ಸೆಂಚುರೀಸ್’ ಎಂಬಲ್ಲಿ ‘ಹ್ಯಾಸ್ ಬೀನ್ ಸ್ಟ್ಯಾಂಡಿಂಗ್’ ಎಂದರೆ ಕಟ್ಟಡಕ್ಕೆ ಕಾಲು ನೋಯುತ್ತಿದೆಯೇನೋ ಎನಿಸುತ್ತದೆ; ಸಾಲಿನಲ್ಲಿ ನಿಂತ ಮನುಷ್ಯನಿಗೆ ಅದೇ ‘ಹ್ಯಾಸ್ ಬೀನ್ ಸ್ಟ್ಯಾಂಡಿಂಗ್’ ಸರಿಹೊಂದುತ್ತದೆ. ‘ಆಲ್ವೇಸ್’ ಸೇರಿದಾಗಲೂ ಪರ್ಫೆಕ್ಟ್ ಕಡೆಗೇ ವಾಲುತ್ತೇವೆ: ‘ಶೀ ಹ್ಯಾಸ್ ಆಲ್ವೇಸ್ ಲಿವ್ಡ್ ಹಿಯರ್’.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಒಂದಿದೆ, ಅದು ಪುಸ್ತಕಗಳಲ್ಲಿ ಅಪರೂಪ. ‘ಐ ಹ್ಯಾವ್ ಲಿವ್ಡ್ ಅಬ್ರಾಡ್ ಫಾರ್ ಟೂ ಇಯರ್ಸ್’ ಎಂಬ ವಾಕ್ಯಕ್ಕೆ ಎರಡು ಅರ್ಥಗಳಿವೆ. ಎರಡು ವರ್ಷದಿಂದ ವಿದೇಶದಲ್ಲಿದ್ದೇನೆ ಎಂಬುದು ಒಂದು. ಜೀವನದಲ್ಲಿ ಎಂದೋ ಎರಡು ವರ್ಷ ವಿದೇಶದಲ್ಲಿದ್ದ ಅನುಭವ ನನಗಿದೆ ಎಂಬುದು ಇನ್ನೊಂದು. ‘ಐ ಹ್ಯಾವ್ ಬೀನ್ ಲಿವಿಂಗ್ ಅಬ್ರಾಡ್ ಫಾರ್ ಟೂ ಇಯರ್ಸ್’ ಎಂದ ಕೂಡಲೇ ಎರಡನೆಯ ಅರ್ಥ ಕಳಚಿಹೋಗುತ್ತದೆ. ‘ಫಾರ್ ಟೂ ಇಯರ್ಸ್’ ಎಂಬುದನ್ನು ವಾಕ್ಯದ ಮೊದಲಿಗೆ ತಂದರೂ ಮೊದಲನೆಯ ಅರ್ಥವೇ ಉಳಿಯುತ್ತದೆ. ಸಂದರ್ಶನದ ಅರ್ಜಿಯಲ್ಲಿ ಅನುಭವ ಬರೆಯುವವರು ಇದನ್ನು ಗಮನಿಸಬೇಕು.

ಕರಡುತಿದ್ದು

ದನಿಯಲ್ಲಿಯೂ ವ್ಯತ್ಯಾಸವಿದೆ. ‘ಹೂ ಹ್ಯಾಸ್ ಯೂಸ್ಡ್ ಮೈ ಪೆನ್?’ ಎಂದರೆ ಮಾಹಿತಿ ಕೇಳಿದಂತೆ. ‘ಹೂ ಹ್ಯಾಸ್ ಬೀನ್ ಯೂಸಿಂಗ್ ಮೈ ಪೆನ್?’ ಎಂದರೆ ಜಗಳಕ್ಕೆ ಪೀಠಿಕೆ. ಮೇಜಿನ ಮೇಲೆ ಮುಚ್ಚಳ ತೆರೆದು ಬಿದ್ದಿರುವ ಪೆನ್ನು, ಪಕ್ಕದ ಕಾಗದದ ಮೇಲೆ ಶಾಯಿಯ ಕಲೆ, ಇವನ್ನೆಲ್ಲ ನೋಡಿದವರ ಬಾಯಿಂದ ಎರಡನೆಯದೇ ಬರುತ್ತದೆ. ಯಾರೋ ಬಹಳ ಹೊತ್ತು ಅಥವಾ ಮತ್ತೆ ಮತ್ತೆ ಬಳಸಿದ್ದಾರೆ, ಸಾಕ್ಷಿ ಇಲ್ಲಿದೆ ಎಂಬ ಆಪಾದನೆ ಆ ರೂಪದಲ್ಲಿಯೇ ಅಡಗಿದೆ. ಮೇಲಧಿಕಾರಿಗೆ ಬರೆಯುವಾಗ ‘ಯೂ ಹ್ಯಾವ್ ಬೀನ್ ಸೆಂಡಿಂಗ್ ದ ಫೈಲ್ಸ್ ಟು ದ ರಾಂಗ್ ಅಡ್ರೆಸ್’ ಎನ್ನುವ ಮೊದಲು ಎರಡು ಸಲ ಯೋಚಿಸಿ.

ಹೊಸಬರು

ನನಗೆ ‘ಹ್ಯಾಸ್ ಬೀನ್’ ಎಂಬಲ್ಲಿಯೇ ಗೊಂದಲ. ‘ದ ರಿಪೋರ್ಟ್ ಹ್ಯಾಸ್ ಬೀನ್ ಚೆಕ್ಡ್’ ಮತ್ತು ‘ಹ್ಯಾಸ್ ಬೀನ್ ಚೆಕಿಂಗ್’ ಇವೆರಡರಲ್ಲಿ ಯಾವುದು ಕಂಟಿನ್ಯೂಯಸ್? ಎರಡರಲ್ಲೂ ‘ಬೀನ್’ ಇದೆಯಲ್ಲ?

ಅಲ್ಪವಿರಾಮ

‘ಬೀನ್’ ನಂತರ ಏನು ಬಂದಿದೆ ಎಂದು ನೋಡಿ. ‘ಇಂಗ್’ ಬಂದರೆ ಕಂಟಿನ್ಯೂಯಸ್, ಕರ್ತೃವೇ ಕೆಲಸ ಮಾಡುತ್ತಿದ್ದಾನೆ. ಪಾಸ್ಟ್ ಪಾರ್ಟಿಸಿಪಲ್ ಬಂದರೆ ಕರ್ಮಣಿ ಪ್ರಯೋಗ, ಅದು ಪ್ರೆಸೆಂಟ್ ಪರ್ಫೆಕ್ಟ್‌ನದೇ ಇನ್ನೊಂದು ಮುಖ: ವರದಿಯನ್ನು ಯಾರೋ ಪರಿಶೀಲಿಸಿದ್ದಾರೆ. ವರದಿ ತಾನೇ ಕೂತು ಏನನ್ನೂ ಪರಿಶೀಲಿಸುವುದಿಲ್ಲವಾದ್ದರಿಂದ ‘ದ ರಿಪೋರ್ಟ್ ಹ್ಯಾಸ್ ಬೀನ್ ಚೆಕಿಂಗ್’ ಎಂಬುದು ನಗೆಪಾಟಲು.

ಹೊಸಬರು

ಧನ್ಯವಾದಗಳು. ಹಾಗಾದರೆ ವರದಿಯ ಪರಿಶೀಲನೆ ಒಂದು ವಾರದಿಂದ ನಡೆಯುತ್ತಿದೆ ಎಂಬುದನ್ನು ಕರ್ಮಣಿಯಲ್ಲಿ ಹೇಗೆ ಹೇಳುವುದು?

ಪದಚ್ಛೇದ

ವ್ಯಾಕರಣದ ಲೆಕ್ಕದಲ್ಲಿ ‘ಹ್ಯಾಸ್ ಬೀನ್ ಬೀಯಿಂಗ್ ಚೆಕ್ಡ್ ಫಾರ್ ಎ ವೀಕ್’ ಎಂದಾಗಬೇಕು. ರೂಪ ಅಸಾಧ್ಯವಲ್ಲ, ಆದರೆ ‘ಬೀನ್ ಬೀಯಿಂಗ್’ ಎಂಬ ತೊಡಕು ಯಾರಿಗೂ ಇಷ್ಟವಿಲ್ಲ, ಬರವಣಿಗೆಯಲ್ಲಿ ಸಿಗುವುದೂ ಬಲು ಅಪರೂಪ. ‘ದೇ ಹ್ಯಾವ್ ಬೀನ್ ಚೆಕಿಂಗ್ ದ ರಿಪೋರ್ಟ್ ಫಾರ್ ಎ ವೀಕ್’ ಎಂದು ಕರ್ತರಿಗೆ ತಿರುಗಿಸಿ, ಅಥವಾ ‘ದ ರಿಪೋರ್ಟ್ ಹ್ಯಾಸ್ ಬೀನ್ ಅಂಡರ್ ರಿವ್ಯೂ ಫಾರ್ ಎ ವೀಕ್’ ಎಂದು ಬರೆಯಿರಿ.

ಕಡತಯಜ್ಞ

ನಿಷೇಧಾರ್ಥದ ವಾಕ್ಯಗಳ ಮಾತು ಉಳಿಯಿತು. ‘ಒಂದು ವಾರದಿಂದ ಅವನನ್ನು ನೋಡಿಲ್ಲ’ ಎಂಬಲ್ಲಿ ‘ಫಾರ್ ಎ ವೀಕ್’ ಇದ್ದರೂ ‘ಐ ಹ್ಯಾವಂಟ್ ಸೀನ್ ಹಿಮ್’ ಎಂದೇ ಬರೆಯುತ್ತೇವೆ. ಮೇಷ್ಟ್ರ ನಿಯಮಕ್ಕೆ ಇದೂ ಒಂದು ಏಟು.

ನಿವೃತ್ತ ಮೇಷ್ಟ್ರು

ಕೆಲಸವೇ ನಡೆದಿಲ್ಲವೆಂದ ಮೇಲೆ ಮುಂದುವರಿಯುವುದು ಏನು? ಇದು ನನ್ನ ನಿಯಮಕ್ಕೆ ಏಟಲ್ಲ, ಅದರ ಒಳಗೇ ಬರುತ್ತದೆ. ಆದರೂ ‘ಐ ಹ್ಯಾವಂಟ್ ಬೀನ್ ಸ್ಲೀಪಿಂಗ್ ವೆಲ್’ ಎಂಬ ಪ್ರಯೋಗವಿದೆ, ಏಕೆಂದರೆ ಅಲ್ಲಿ ನಿದ್ದೆ ಬಂದಿದೆ, ಚೆನ್ನಾಗಿ ಬಂದಿಲ್ಲ. ‘ಇಲ್ಲ’ ಎಂಬುದು ನಿದ್ದೆಯನ್ನು ಅಲ್ಲಗಳೆಯದೆ ಅದರ ಗುಣವನ್ನು ಅಲ್ಲಗಳೆಯುತ್ತದೆ. ಇದನ್ನೂ ನಾವು ಕಲಿಸುತ್ತಿದ್ದೆವು, ಸ್ವಾಮಿ.

ಅಲ್ಪವಿರಾಮ

ಚೆನ್ನಾಗಿ ಹೇಳಿದಿರಿ, ಮೇಷ್ಟ್ರೇ.

ಮೂರನೇ ಬೆಂಚು

ಅಮೆರಿಕದವರು ಇದನ್ನೆಲ್ಲ ಬಿಟ್ಟು ಸಿಂಪಲ್ ಪಾಸ್ಟ್‌ನಲ್ಲಿಯೇ ಮಾತಾಡುತ್ತಾರಂತೆ. ನಾವೇಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು?

ವರ್ಗಭೇದ

ಅದು ಅರ್ಧ ಸತ್ಯ. ‘ಜಸ್ಟ್’, ‘ಆಲ್ರೆಡಿ’, ‘ಯೆಟ್’ ಇರುವ ಕಡೆ ಅಮೆರಿಕನ್ ಇಂಗ್ಲಿಷಿನಲ್ಲಿ ‘ಡಿಡ್ ಯೂ ಈಟ್ ಯೆಟ್?’ ಎಂದು ಸಿಂಪಲ್ ಪಾಸ್ಟ್ ಬಳಸುವ ರೂಢಿ ಇದೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಹ್ಯಾವ್ ಯೂ ಈಟನ್ ಯೆಟ್?’ ಎಂಬುದು ವಾಡಿಕೆ. ಆದರೆ 2015ರಿಂದ ಇಂದಿನವರೆಗಿನ ಅವಧಿಯನ್ನು ಹೇಳಬೇಕಾದಾಗ ಅಮೆರಿಕದವರಿಗೂ ಪರ್ಫೆಕ್ಟ್ ಅಥವಾ ಪರ್ಫೆಕ್ಟ್ ಕಂಟಿನ್ಯೂಯಸ್ ಬೇಕೇ ಬೇಕು.

ಬಿಟ್ಟಸ್ಥಳ

ಎಲ್ಲರಿಗೂ ಧನ್ಯವಾದಗಳು. ಆ ಉತ್ತರಕ್ಕೆ ಅಂಕ ಕೊಟ್ಟಿದ್ದೇನೆ. ಇನ್ನು ಮುಂದೆ ಒಂದೇ ಒಂದು ಉತ್ತರಕ್ಕೆ ಎಡೆ ಇರುವ ಪ್ರಶ್ನೆಗಳನ್ನೇ ಬರೆಯಬೇಕೆಂದಿದ್ದೇನೆ. ಈ ಎರಡನ್ನು ನೋಡಿ ಹೇಳಿ. ಒಂದು: ‘ಯುವರ್ ಹ್ಯಾಂಡ್ಸ್ ಆರ್ ಕವರ್ಡ್ ಇನ್ ಪೇಂಟ್. ____ ಯೂ ____ ದ ಡೋರ್?’ ಇದಕ್ಕೆ ‘ಹ್ಯಾವ್ ಬೀನ್ ಪೇಂಟಿಂಗ್’. ಎರಡು: ‘ದ ಡೋರ್ ಲುಕ್ಸ್ ನೈಸ್. ಐ ಸೀ ಯೂ ____ ಇಟ್ ಗ್ರೀನ್.’ ಇದಕ್ಕೆ ‘ಹ್ಯಾವ್ ಪೇಂಟೆಡ್’.

ಕರಡುತಿದ್ದು

ಎರಡನೆಯದು ಗಟ್ಟಿಯಾಗಿದೆ, ಬಾಗಿಲು ಹಸಿರಾಗಿದೆ ಎಂಬ ಫಲ ಕಣ್ಣಮುಂದಿದೆ. ಮೊದಲನೆಯದರಲ್ಲಿ ಇನ್ನೂ ಸಂದು ಉಳಿದಿದೆ. ಕೈಗೆ ಬಣ್ಣ ಮೆತ್ತಿಕೊಂಡವನನ್ನು ‘ಹ್ಯಾವ್ ಯೂ ಪೇಂಟೆಡ್ ದ ಡೋರ್?’ ಎಂದು ಕೇಳಿದರೂ ವಾಕ್ಯ ತಪ್ಪಾಗುವುದಿಲ್ಲ, ಬಾಗಿಲಿನ ಕೆಲಸ ಆಯಿತೇ ಎಂದು ವಿಚಾರಿಸಿದಂತಾಗುತ್ತದೆ. ‘ದ ಡೋರ್’ ಎಂಬುದನ್ನು ತೆಗೆದು, ‘ವಾಟ್ ____ ಯೂ ____? (ಡೂ)’ ಎಂದು ಇಡಿ.

ಪದಚ್ಛೇದ

‘ವಾಟ್ ಹ್ಯಾವ್ ಯೂ ಡನ್?’ ಎಂದೂ ಯಾರಾದರೂ ಬರೆಯಬಹುದು, ಅದು ಬೈಗುಳದ ದನಿಯ ವಾಕ್ಯವಾದರೂ ವ್ಯಾಕರಣಬದ್ಧವೇ. ‘ಫಾರ್ ದ ಲಾಸ್ಟ್ ಅವರ್’ ಎಂದು ಕೊನೆಗೆ ಸೇರಿಸಿದರೆ ‘ಡನ್’ ಬರೆಯುವವರು ಕಡಿಮೆಯಾಗುತ್ತಾರೆ.

ನಿವೃತ್ತ ಮೇಷ್ಟ್ರು

ಅಂದರೆ ಕೊನೆಗೂ ‘ಫಾರ್’ ಬೇಕಾಯಿತು ಎಂದಾಯಿತು.